ಹೊಗೆಯ ಹಾದಿಯಲ್ಲೊಂದು ಬಳುಕುಗೊಳವೆ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮಕ್ಕಳನ್ನು ಕುರಿತು ಆಡುತ್ತೇವೆ. ಮೋಟಾರು ಗಾಡಿಯ ತಳದಲ್ಲಿ ಹಾದುಹೋಗುವ ಹೊಗೆಯ ಕೊಳವೆಯನ್ನು ಕುರಿತು ಯಾರೂ ಆ ಮಾತನ್ನು ಆಡಿರಲಾರರು. ಆದರೂ ಅದಕ್ಕೆ ಈ ಗಾದೆ ಚೆನ್ನಾಗಿ ಒಪ್ಪುತ್ತದೆ. ಬಗ್ಗಲಾರದ ಕೊಳವೆ ಬಿರುಕು ಬಿಡುತ್ತದೆ. ಬಿರುಕಿನಿಂದ ಹೊರಟ ಹೊಗೆಯು ತನಗೆ ಗೊತ್ತುಪಡಿಸಿದ ಹಾದಿಯನ್ನು ಬಿಟ್ಟು, ಗಾಡಿಯೊಳಗೆ ನೆಮ್ಮದಿಯಾಗಿ ಕುಳಿತಿರುವ ಹೆಂಡಿರು ಮಕ್ಕಳ ಉಸಿರಿನೊಳಕ್ಕೆ ನುಸುಳಬಲ್ಲದು. ಒಂದು ಗೇಣುದ್ದದ ಬಾಗುವ ತುಂಡನ್ನು ಸರಿಯಾಗಿ ಕೂಡಿಸುವುದೋ ತಪ್ಪಾಗಿ ಕೂಡಿಸುವುದೋ ಎಂಬುದು ಆದ್ದರಿಂದ ಕೇವಲ ಮೆಕ್ಯಾನಿಕ್ಕನ ಚಿಂತೆಯಲ್ಲ. ಗಾಡಿಯಿರುವ ಪ್ರತಿಯೊಂದು ಸಂಸಾರದ ಚಿಂತೆ.

ಈ ತುಂಡನ್ನು ನಮ್ಮ ಕಾರ್ಖಾನೆಗಳಲ್ಲಿ ‘ಫ್ಲೆಕ್ಸಿಬಲ್ ಪೈಪು’ ಎನ್ನುತ್ತಾರೆ; ಇನ್ನೂ ಚುಟುಕಾಗಿ ‘ಫ್ಲೆಕ್ಸಿ’. ಕನ್ನಡದ ಮೇಷ್ಟರಿಗೆ ಹೆಸರಿಡುವ ಚಪಲ ಹುಟ್ಟುಗುಣವಾದ್ದರಿಂದ, ವಾಚಕರ ಅಪ್ಪಣೆಯನ್ನು ಬೇಡಿ, ಈ ಲೇಖನದ ಮಟ್ಟಿಗೆ ಇದನ್ನು ‘ಬಳುಕುಗೊಳವೆ’ ಎಂದು ಕರೆಯುತ್ತೇನೆ. ಕೊಳವೆಯ ಕಕಾರವು ಗಕಾರವಾಗಿ ಬಳುಕಿದ್ದು ಆದೇಶಸಂಧಿಯಿಂದ. ಕೊಳವೆಯು ಬಳುಕುವುದು ಯಾವುದರಿಂದ ಎಂಬುದೇ ಮುಂದಿನ ವಿಷಯ.

ಎರಕದ ಊರಿನಲ್ಲಿ

ಮಂಡ್ಯ ಜಿಲ್ಲೆಯ ನಾಗಮಂಗಲವೆಂದೊಡನೆ ಬಲ್ಲವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಹೊಯ್ಸಳರ ಕಾಲದ ಸೌಮ್ಯಕೇಶವ ದೇವಾಲಯ. ಇನ್ನೊಂದು, ಲೋಹದ ಕೆಲಸ. ಹಿತ್ತಾಳೆ ಕಂಚುಗಳ ಪಾತ್ರೆಗೂ ದೇವತಾಮೂರ್ತಿಗಳಿಗೂ ಈ ಊರು ಹಳೆಯ ಮೈಸೂರು ಸಂಸ್ಥಾನದ ಕಾಲದಿಂದಲೂ ಹೆಸರಾದದ್ದು. ಜೇನುಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಅದಕ್ಕೆ ಜೇಡಿಯ ಲೇಪವನ್ನು ಕೊಟ್ಟು, ಕಾಯಿಸಿ ಮೇಣವನ್ನು ಇಳಿಸಿ, ಆ ಬರಿದಾದ ಎಡೆಯಲ್ಲಿ ಕರಗಿದ ಲೋಹವನ್ನು ಹೊಯ್ಯುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿಯೇ ಇದರ ವಿವರಣೆ ಉಂಟು.

ಅದೇ ಊರಿನ ಹಾದಿಯಲ್ಲಿ ಇಂದು ಇನ್ನೊಂದು ಬಗೆಯ ಲೋಹದ ಸದ್ದು ಕೇಳುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳನ್ನು ಪೋಣಿಸುತ್ತ ಉತ್ತರಕ್ಕೆ ಹೋಗುವ ಹೆದ್ದಾರಿಯು ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರು ಮಂಗಳೂರು ಹೆದ್ದಾರಿಯನ್ನು ಸಂಧಿಸುತ್ತದೆ. ಕಬ್ಬು ಹೇರುವ ಟ್ರಾಕ್ಟರು, ತೆಂಗಿನಕಾಯಿ ತುಂಬಿದ ಲಾರಿ, ಮದುವೆಗೆ ಹೊರಟ ಕಾರು ಎಲ್ಲವೂ ಓಡಾಡುವ ಇಂಥ ರಸ್ತೆಯ ಬದಿಯ ಊರುಗಳಲ್ಲಿ ಬೆಸುಗೆಯ ಅಂಗಡಿಗಳಿಗೆ ಬಿಡುವೆಂಬುದಿಲ್ಲ. ಒಡೆದ ಸೈಲೆನ್ಸರು ಅಲ್ಲಿಗೆ ಬಾರದ ದಿನ ಅಪರೂಪ.

ಹೊಸ ಕೊಳವೆ ಸಿಕ್ಕುವುದಾದರೆ ತಂದು ತೊಡಿಸಬಹುದು. ಸಿಕ್ಕದಿದ್ದರೆ? ಅಂಬಾಸಡರ್ ಕಾರಿನ ತಯಾರಿಕೆ ೨೦೧೪ರಲ್ಲಿಯೇ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿಯ ಕಾಲ ಅದಕ್ಕೂ ಮೊದಲೇ ಮುಗಿಯಿತು. ತಾತ ಕೊಂಡ ಕಾರನ್ನು ಮೊಮ್ಮಗ ಅಕ್ಕರೆಯಿಂದ ಉಳಿಸಿಕೊಂಡಿದ್ದರೆ, ಅದರ ಹೊಗೆಯ ಕೊಳವೆಯನ್ನು ಕೈಯಿಂದಲೇ ಕಟ್ಟಬೇಕಾಗುತ್ತದೆ. ಕಟ್ಟುವಾಗ ಎಲ್ಲಿ ಗಟ್ಟಿ ಕೊಳವೆ, ಎಲ್ಲಿ ಬಳುಕುಗೊಳವೆ ಎಂಬ ಪ್ರಶ್ನೆ ಏಳುತ್ತದೆ.

ಎಂಜಿನು ಏಕೆ ಓಲಾಡುತ್ತದೆ?

ನಿಂತ ಗಾಡಿಯ ಬಾನೆಟ್ಟನ್ನು ಎತ್ತಿ, ಎಂಜಿನನ್ನು ಚಾಲೂ ಮಾಡಿಸಿ ನೋಡಿರಿ. ಅದು ಕೂತಲ್ಲಿಯೇ ನಡುಗುತ್ತದೆ; ವೇಗವನ್ನು ಒಮ್ಮೆ ಏರಿಸಿದರೆ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾಗುತ್ತದೆ. ಎಂಜಿನನ್ನು ಗಾಡಿಯ ಚೌಕಟ್ಟಿಗೆ ನೇರವಾಗಿ ಬಿಗಿಯದೆ ರಬ್ಬರಿನ ದಿಂಬುಗಳ ಮೇಲೆ ಕೂರಿಸಿರುತ್ತಾರೆ. ಅದರ ನಡುಕ ನಮಗೆ ತಾಗದಿರಲೆಂದು ಮಾಡಿದ ಉಪಾಯವಿದು. ಆದರೆ ಹೊಗೆಯ ಕೊಳವೆಗೆ ಆ ಭಾಗ್ಯವಿಲ್ಲ. ಅದರ ಒಂದು ತುದಿ ನಡುಗುವ ಎಂಜಿನಿಗೆ ಅಂಟಿಕೊಂಡಿದೆ, ಇನ್ನೊಂದು ತುದಿ ಗಾಡಿಯ ತಳಕ್ಕೆ ತೂಗುಬಿದ್ದಿದೆ. ಕುಣಿಯುವ ಅಳಿಯ, ಕೂತ ಮಾವ, ಇಬ್ಬರ ಕೈಯನ್ನೂ ಹಿಡಿದು ನಿಂತ ಮಗಳ ಸ್ಥಿತಿ ಅದರದು.

ಹಳೆಯ ಅಂಬಾಸಡರಿನಲ್ಲಿ ಈ ತೊಂದರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಅದರ ಎಂಜಿನು ಗಾಡಿಯ ಉದ್ದಕ್ಕೆ ಕುಳಿತಿರುತ್ತದೆ. ವಾಲುವುದು ಎಡಕ್ಕೆ ಬಲಕ್ಕೆ. ಹಿಂದಕ್ಕೆ ಹೋದ ಉದ್ದನೆಯ ಕೊಳವೆ ಕೊಂಚ ತಿರುಚಿಕೊಂಡು ಅದನ್ನು ಸಹಿಸುತ್ತದೆ. ೧೯೮೩ರಲ್ಲಿ ಮಾರುತಿ ೮೦೦ ಬಂದಾಗ ನಮ್ಮ ರಸ್ತೆಗಳಲ್ಲಿ ಬೇರೊಂದು ಬಗೆಯ ಗಾಡಿಯ ಯುಗ ಮೊದಲಾಯಿತು. ಅದರಲ್ಲಿ ಎಂಜಿನು ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಅಡ್ಡ ಕೂತ ಎಂಜಿನು ಹಿಂದೆ ಮುಂದೆ ತೂಗುತ್ತದೆ. ಪ್ರತಿ ತೂಗಾಟಕ್ಕೂ ಕೊಳವೆಯ ಕುತ್ತಿಗೆಯನ್ನು ಹಿಡಿದು ಬಗ್ಗಿಸಿದಂತಾಗುತ್ತದೆ. ಇಂಥ ಗಾಡಿಗಳಲ್ಲಿ ಸ್ಪ್ರಿಂಗುಬೋಲ್ಟುಗಳಿಂದ ಬಿಗಿದ ದುಂಡುಕೀಲನ್ನೋ ಬಳುಕುಗೊಳವೆಯನ್ನೋ ಇಡುವುದು ಅನಿವಾರ್ಯವಾಯಿತು.

ನಡುಕವೊಂದೇ ಅಲ್ಲ, ಬಿಸಿಯೂ ಕೊಳವೆಯನ್ನು ಕಾಡುತ್ತದೆ. ಎರಡು ಮೀಟರು ಉದ್ದದ ಸಾದಾ ಉಕ್ಕಿನ ಕೊಳವೆಯ ಶಾಖ ೩೦೦ ಡಿಗ್ರಿಯಷ್ಟು ಏರಿದರೆ ಅದು ಸುಮಾರು ೭ ಮಿಲಿಮೀಟರು ಬೆಳೆಯುತ್ತದೆ. ತುಕ್ಕು ಹಿಡಿಯದ ಉಕ್ಕು, ಎಂದರೆ ಸ್ಟೇನ್‌ಲೆಸ್ ಸ್ಟೀಲು, ೧೦ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಬೆಳೆಯಲು ಎಡೆಯಿಲ್ಲದಿದ್ದರೆ ಬೆಸುಗೆ ಬಿರಿಯುತ್ತದೆ. ಇದಲ್ಲದೆ ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಸೆಕೆಂಡಿಗೆ ೧೦೦ ಸಲ ಹೊಗೆಯನ್ನು ಉಗುಳುತ್ತದೆ. ಅಷ್ಟು ಸಲ ಕೊಳವೆಗೆ ಒಳಗಿನಿಂದ ಪೆಟ್ಟು.

ಅಕ್ಕಸಾಲಿಯ ಕೊಡುಗೆ

ಈ ಕಷ್ಟಕ್ಕೆ ಪರಿಹಾರ ದೊರೆತದ್ದು ಕಮ್ಮಾರನಿಂದಲ್ಲ, ಅಕ್ಕಸಾಲಿಯಿಂದ ಎಂದರೆ ವಾಚಕರು ಆಶ್ಚರ್ಯಪಡಬಹುದು. ಜರ್ಮನಿಯ ಫೋರ್ಟ್ಸ್‌ಹೈಮ್ ಒಡವೆಗಳಿಗೆ ಹೆಸರಾದ ಪಟ್ಟಣ. ಅಲ್ಲಿ ಹೈನ್ರಿಶ್ ವಿಟ್ಸೆನ್‌ಮಾನ್ ಎಂಬಾತ ೧೮೫೪ರಲ್ಲಿ ಆಭರಣಗಳ ಕಾರ್ಖಾನೆಯನ್ನು ತೆರೆದಿದ್ದನು. ಲೋಹದ ಸಣ್ಣ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ, ಒಂದು ಸುತ್ತು ಇನ್ನೊಂದಕ್ಕೆ ಕೊಕ್ಕೆ ಹಾಕಿಕೊಳ್ಳುವಂತೆ ಮಾಡಿದ ಕೊರಳ ಸರಗಳು ಆ ಕಾಲದಲ್ಲಿ ಬಳಕೆಯಲ್ಲಿದ್ದುವು. ಬಾತುಕೋಳಿಯ ಕೊರಳಿನಂತೆ ಅವು ಎತ್ತ ಬೇಕಾದರೂ ಬಾಗುತ್ತಿದ್ದುವು. ಈ ಸರವನ್ನೇ ದೊಡ್ಡದು ಮಾಡಿದರೆ ಬಾಗುವ ಕೊಳವೆಯಾಗದೆ? ೧೮೮೫ರಲ್ಲಿ ವಿಟ್ಸೆನ್‌ಮಾನನೂ ಫ್ರಾನ್ಸಿನ ಒಡವೆ ತಯಾರಕ ಯೂಜೆನ್ ಲೆವಾವಸ್ಸೂರನೂ ಸೇರಿ ಲೋಹದ ಬಳುಕುಗೊಳವೆಯನ್ನು ಲೋಕಕ್ಕೆ ಕೊಟ್ಟರು. ಕಾರ್ಲ್ ಬೆಂಜ಼ನು ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟು ಬೇಡಿದ್ದು ಅದರ ಮರುವರ್ಷ, ೧೮೮೬ರಲ್ಲಿ. ರೋಗಕ್ಕಿಂತ ಮೊದಲೇ ಮದ್ದು ಹುಟ್ಟಿತೆನ್ನಬೇಕು!

ನಮ್ಮಲ್ಲಿ ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿ ಈ ಐವರನ್ನೂ ವಿಶ್ವಕರ್ಮನ ಮಕ್ಕಳೆಂದು ಒಂದೇ ಮನೆಯವರಾಗಿ ಎಣಿಸುವುದುಂಟು. ಹೆಣ್ಣಿನ ಕೊರಳಿಗೆಂದು ಅಕ್ಕಸಾಲಿ ಹೆಣೆದ ಸರವು ಕಮ್ಮಾರನ ಕುಲುಮೆಗೆ ಬಂದು ಯಂತ್ರದ ಕೊರಳಾದುದನ್ನು ನೋಡಿದರೆ, ಆ ಎಣಿಕೆಯಲ್ಲಿ ಅರ್ಥವಿದೆಯೆನಿಸುತ್ತದೆ.

ಒಳಗೇನಿದೆ?

ಸುರುಳಿ ಸುತ್ತಿದ ಆ ಹಳೆಯ ಜಾತಿಯ ಕೊಳವೆ ಇಂದಿಗೂ ಉಂಟು. ಲಾರಿಗಳಿಗೂ, ಜನರೇಟರುಗಳಿಗೂ ಬಳಕೆಯಾಗುತ್ತದೆ. ಗಟ್ಟಿ ಜಾತಿ, ಆದರೆ ಸುತ್ತುಗಳ ನಡುವಿನ ಸಂದಿಯಲ್ಲಿ ಹೊಗೆ ತುಸು ಜಿನುಗುತ್ತದೆ. ಬಯಲಿನಲ್ಲಿ ನಿಂತ ಜನರೇಟರಿಗೆ ಇದು ದೊಡ್ಡ ದೋಷವಲ್ಲ. ಜನ ಕೂರುವ ಕಾರಿನ ತಳಕ್ಕೆ ಮಾತ್ರ ಇದನ್ನು ಹಾಕಿಸಿಕೊಳ್ಳಬಾರದು.

ಕಾರಿಗೆಂದು ಮಾಡಿದ ಬಳುಕುಗೊಳವೆಗೆ ಸಾಮಾನ್ಯವಾಗಿ ಮೂರು ಪದರ. ನಡುವಿನದೇ ಮುಖ್ಯ. ಹಾರ್ಮೋನಿಯಮಿನ ತಿದಿಯನ್ನು ನೆನೆಸಿಕೊಳ್ಳಿರಿ: ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುತ್ತದೆ, ಗಾಳಿಯನ್ನು ಸೋರಗೊಡುವುದಿಲ್ಲ. ಕಾಗದದಷ್ಟು ತೆಳುವಾದ ತುಕ್ಕು ಹಿಡಿಯದ ಉಕ್ಕಿನಲ್ಲಿ ಮಾಡಿದ ಅಂಥದೊಂದು ತಿದಿಯೇ ಇಲ್ಲಿರುವುದು. ಅದರ ಒಳಗೆ ಹೊಗೆಯು ಮಡಿಕೆಗಳಿಗೆ ಬಡಿದು ಸುಳಿಯಾಗದಂತೆಯೂ ಬಿಸಿ ನೇರವಾಗಿ ತಾಗದಂತೆಯೂ ಒಂದು ಒಳಪದರ. ಹೊರಗೆ, ತಿದಿಯು ಮಿತಿಮೀರಿ ಹಿಗ್ಗದಂತೆ ಜಡೆಯ ಹಾಗೆ ಹೆಣೆದ ತಂತಿಯ ಬಲೆ. ಎರಡು ತುದಿಗಳಲ್ಲಿ ಇವೆಲ್ಲವನ್ನೂ ಹಿಡಿದಿಟ್ಟ ಬಳೆ.

ಈ ರಚನೆಯನ್ನು ತಿಳಿದವನಿಗೆ ಅದರ ಸ್ವಭಾವವೂ ತಿಳಿಯುತ್ತದೆ. ತಿದಿ ಬಾಗುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ತಿರುಚುವುದನ್ನು ಸಹಿಸುವುದಿಲ್ಲ, ಭಾರ ಹೊರುವುದಿಲ್ಲ. ಕಟ್ಟುವವರು ಎಡವುವುದು ಈ ಎರಡು ಮಾತುಗಳನ್ನು ಮರೆತಾಗ.

ಕಟ್ಟುವ ಕ್ರಮ

ಮೊದಲನೆಯ ತಪ್ಪು, ಬಳುಕುಗೊಳವೆಯನ್ನು ತಿರುವಿನ ಬದಲಿಗೆ ಬಳಸುವುದು. ಕೊಳವೆಯನ್ನು ಬಗ್ಗಿಸಲು ಶ್ರಮವುಂಟು. ಹಳೆಯ ಕ್ರಮದಲ್ಲಿ ಒಣ ಮರಳನ್ನು ಒಳಗೆ ಗಿಡಿದು, ಬಾಯಿಯನ್ನು ಮುಚ್ಚಿ, ಕೆಂಪಗೆ ಕಾಯಿಸಿ, ನೆಗ್ಗದಂತೆ ಮೆಲ್ಲನೆ ಬಗ್ಗಿಸುತ್ತಾರೆ. ಮರಳು ತೇವವಾಗಿದ್ದರೆ ಉಗಿ ಹುಟ್ಟಿ ಸಿಡಿಯುತ್ತದೆ. ಎರಕದವರು ಜೇಡಿಯ ಅಚ್ಚನ್ನು ಒಣಗಿಸದೆ ಲೋಹ ಹೊಯ್ಯದಿರುವುದೂ ಇದೇ ಭಯದಿಂದ. ಇಷ್ಟು ಪಾಡು ಏಕೆಂದು ಕೆಲವರು ತಿರುವಿರುವಲ್ಲಿ ಬಳುಕುಗೊಳವೆಯನ್ನೇ ಬಗ್ಗಿಸಿ ತುರುಕುತ್ತಾರೆ. ಮೊದಲೇ ಬಾಗಿಸಿಟ್ಟ ತಿದಿಗೆ ಮತ್ತೆ ಬಾಗಲು ಶಕ್ತಿ ಎಲ್ಲಿಂದ ಬರಬೇಕು? ಹೊರಬದಿಯ ಮಡಿಕೆಗಳು ಬೇಗನೆ ಹರಿಯುತ್ತವೆ. ತಿರುವನ್ನು ಗಟ್ಟಿ ಕೊಳವೆಯಲ್ಲಿಯೇ ಮಾಡಬೇಕು. ಬಳುಕುಗೊಳವೆ ನೇರವಾದ ಎಡೆಯಲ್ಲಿ ತನ್ನ ಸಹಜವಾದ ಉದ್ದದಲ್ಲಿ ಕೂರಬೇಕು.

ಎರಡನೆಯದು, ಎರಡು ಕೊಳವೆಗಳ ಬಾಯಿ ಒಂದಕ್ಕೊಂದು ನೇರವಾಗದಿದ್ದಾಗ ಆ ಕೊರತೆಯನ್ನು ಬಳುಕುಗೊಳವೆಯಿಂದ ಮುಚ್ಚುವುದು. ಇಡೀ ಹೊಗೆಯ ಹಾದಿಯನ್ನು ಮೊದಲು ಅದರದರ ಜಾಗದಲ್ಲಿ ತೂಗುಹಾಕಿ, ನೇರ ನೋಡಿ, ಚುಕ್ಕಿ ಬೆಸುಗೆಯಿಂದ ಹಿಡಿಸಿ, ಎಲ್ಲವೂ ಸರಿಯೆನಿಸಿದ ಮೇಲೆಯೇ ಸುತ್ತ ಬೆಸೆಯಬೇಕು.

ಮೂರನೆಯದು ಭಾರ. ಸೈಲೆನ್ಸರಿನ ತೂಕವನ್ನು ಹೊರುವುದು ರಬ್ಬರಿನ ತೂಗುಪಟ್ಟಿಗಳ ಕೆಲಸ. ಬಳುಕುಗೊಳವೆಯ ಹಿಂದೆ ಹೆಚ್ಚು ದೂರವಿಲ್ಲದಂತೆ ಒಂದು ತೂಗುಪಟ್ಟಿ ಇರಲೇಬೇಕು.

ನಾಲ್ಕನೆಯದು ಬೆಸುಗೆ. ಬೆಸುಗೆ ತುದಿಯ ಬಳೆಗೆ ಬೀಳಬೇಕೇ ಹೊರತು ತಂತಿಯ ಬಲೆಗಾಗಲಿ ತಿದಿಗಾಗಲಿ ತಾಗಬಾರದು. ಒಂದು ಕಿಡಿ ಸಾಕು, ಕಾಗದದಷ್ಟು ತೆಳುವಾದ ಉಕ್ಕಿಗೆ ತೂತು ಬೀಳಲು. ದಪ್ಪ ಕಡ್ಡಿಯ ಆರ್ಕ್ ಬೆಸುಗೆ ಇಲ್ಲಿ ಒರಟಾಗುತ್ತದೆ. ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ಟಿಗ್ ಬೆಸುಗೆ ಲೇಸು. ಸಾದಾ ಉಕ್ಕನ್ನೂ ತುಕ್ಕು ಹಿಡಿಯದ ಉಕ್ಕನ್ನೂ ಕೂಡಿಸುವಲ್ಲಿ ೩೦೯ ಎಂಬ ಜಾತಿಯ ಕಡ್ಡಿಯನ್ನು ಬಳಸುತ್ತಾರೆ. ಬೆಸೆಯುವ ಮುನ್ನ ಬ್ಯಾಟರಿಯ ತಂತಿಯನ್ನು ಕಳಚುವುದನ್ನು ಮರೆಯಬಾರದು; ಈಗಿನ ಗಾಡಿಗಳಲ್ಲಿ ಗಣಕದ ಬುದ್ಧಿಯೂ ಉಂಟಷ್ಟೆ.

ಐದನೆಯದು ಬೆಸೆಯುವವನ ಪ್ರಾಣಕ್ಕೆ ಸಂಬಂಧಿಸಿದ್ದು. ಅಗ್ಗವೆಂದು ನೀರಿನ ನಲ್ಲಿಯ ಜಿ.ಐ. ಕೊಳವೆಯನ್ನು ಕತ್ತರಿಸಿ ಹೊಗೆಗೆ ಹಚ್ಚುವುದುಂಟು. ಅದರ ಮೇಲಿನ ಸತುವಿನ ಲೇಪ ಬೆಸುಗೆಯ ಬಿಸಿಗೆ ಆವಿಯಾಗಿ ಬಿಳಿಯ ಹೊಗೆಯಾಗುತ್ತದೆ. ಅದನ್ನು ಕುಡಿದವನಿಗೆ ಆ ರಾತ್ರಿ ಚಳಿಜ್ವರ, ಮೈಕೈ ನೋವು. ಹಿತ್ತಾಳೆಯಲ್ಲಿಯೂ ಸತುವಿರುವುದರಿಂದ, ಹಿತ್ತಾಳೆ ಎರಕದವರನ್ನು ಕಾಡುವ ಜ್ವರವೆಂದೇ ಇದು ವೈದ್ಯರಿಗೆ ಬಹುಕಾಲದಿಂದ ಪರಿಚಿತ. ಎರಕದ ಊರಿನ ಬೆಸುಗೆಯವರು ಇದನ್ನು ಮರೆಯಬಾರದು.

ಕೊನೆಯದೊಂದು ಮಾತು. ಹೊಸ ಬಳುಕುಗೊಳವೆ ಕೆಲವೇ ತಿಂಗಳಲ್ಲಿ ಹರಿಯಿತೆಂದರೆ ಅಂಗಡಿಯವನನ್ನು ಬೈಯುವ ಮುನ್ನ ಎಂಜಿನಿನ ರಬ್ಬರ್ ದಿಂಬುಗಳನ್ನು ನೋಡಿಸಿರಿ. ಅವು ಸವೆದಿದ್ದರೆ ಎಂಜಿನಿನ ಓಲಾಟ ಮಿತಿಮೀರುತ್ತದೆ. ಆಗ ಎಷ್ಟು ಕೊಳವೆ ಹಾಕಿಸಿದರೂ ಅಷ್ಟೆ. ರೋಗ ಒಂದು ಕಡೆ, ಪಟ್ಟು ಹಾಕಿದ್ದು ಇನ್ನೊಂದು ಕಡೆ.

ಕಾಣದ ವೈರಿ

ಇಷ್ಟೆಲ್ಲ ಜಾಗ್ರತೆ ಏತಕ್ಕೆ? ಸದ್ದು ತುಸು ಹೆಚ್ಚಾದರೆ ಆಗುವ ನಷ್ಟವೇನು? ಸದ್ದು ನಮ್ಮ ವೈರಿಯಲ್ಲ. ಅದು ಎಚ್ಚರಿಸುವ ಮಿತ್ರ. ವೈರಿ ಬೇರೆಯೇ ಇದೆ: ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ನೆತ್ತರಿನ ಕೆಂಪು ವಸ್ತುವಾದ ಹೀಮೋಗ್ಲೋಬಿನ್ನು ಪ್ರಾಣವಾಯುವಿಗಿಂತ ಇನ್ನೂರಕ್ಕೂ ಮಿಕ್ಕ ಪಟ್ಟು ಆಸಕ್ತಿಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಸುಲಭವಾಗಿ ಬಿಡುವುದಿಲ್ಲ. ಮೊದಲು ತಲೆನೋವು, ಬಳಿಕ ತಲೆಸುತ್ತು, ಓಕರಿಕೆ, ಮಂಪರು. ಪಯಣದ ಆಯಾಸವೆಂದು ಭಾವಿಸಿ ಕಣ್ಣು ಮುಚ್ಚಿದವರು ಮತ್ತೆ ಏಳದಿರಬಹುದು.

ಹೊಸ ಕಾರುಗಳಲ್ಲಿ ಈ ಅನಿಲವನ್ನು ನಿರುಪದ್ರವಿಯಾಗಿಸಲು ‘ಕೆಟಲಿಟಿಕ್ ಕನ್ವರ್ಟರ್’ ಎಂಬ ಸಾಧನವುಂಟು. ಆದರೆ ಅದು ಸಾಕಷ್ಟು ಬಿಸಿಯೇರಿದ ಮೇಲೆಯೇ ಕೆಲಸಕ್ಕೆ ತೊಡಗುತ್ತದೆ. ಅದಕ್ಕಿಂತ ಮುಂದಣ ಬಳುಕುಗೊಳವೆ ಒಡೆದರೆ ಹೊಗೆ ಶುದ್ಧಿಯಾಗುವ ಮೊದಲೇ ಸೋರಿತು. ಸೋರುವುದೊಂದೇ ಅಲ್ಲ, ಹೊಗೆಯ ಅಲೆಗಳ ನಡುವೆ ಹೊರಗಿನ ಗಾಳಿ ಅದೇ ಬಿರುಕಿನಿಂದ ಒಳಕ್ಕೂ ನುಗ್ಗುತ್ತದೆ. ಪ್ರಾಣವಾಯುವನ್ನು ಅಳೆಯುವ ಸಂವೇದಕವು ಮೋಸಹೋಗಿ, ಎಂಜಿನಿಗೆ ಪೆಟ್ರೋಲು ಸಾಲದೆಂದು ವರದಿ ಕೊಡುತ್ತದೆ. ಅದನ್ನು ನಂಬಿದ ಗಣಕವು ಬೇಡದ ಪೆಟ್ರೋಲನ್ನು ಸುರಿಯುತ್ತದೆ. ಮೈಲೇಜು ಇಳಿಯಿತೆಂದು ಗೊಣಗುವ ಮನೆಯೊಡೆಯರು ಕೆಲವೊಮ್ಮೆ ಗಾಡಿಯ ತಳಕ್ಕೆ ಬಗ್ಗಿ ನೋಡುವುದು ಒಳಿತು.

ಕಂಡುಹಿಡಿಯುವುದು ಕಷ್ಟವಲ್ಲ. ಬೆಳಗ್ಗೆ ತಣ್ಣಗಿರುವ ಎಂಜಿನನ್ನು ಚಾಲೂ ಮಾಡಿದಾಗ ಮುಂಭಾಗದಲ್ಲಿ ಟಿಕ್ ಟಿಕ್ ಎಂಬ ಸದ್ದು, ಬಳುಕುಗೊಳವೆಯ ಬಲೆಯ ಮೇಲೆ ಕಪ್ಪು ಮಸಿ, ಹರಿದ ತಂತಿಯ ಎಳೆಗಳು, ಇವು ಲಕ್ಷಣಗಳು. ಅನುಮಾನವಿದ್ದರೆ, ರಿಪೇರಿಯಾಗುವವರೆಗೆ ಗಾಜುಗಳನ್ನು ಇಳಿಸಿಯೇ ಓಡಿಸಿರಿ. ಮಗು ಮಲಗಿದೆಯೆಂದು ಗಾಜು ಏರಿಸಿ, ಎ.ಸಿ. ಹಾಕಿ, ಗಾಡಿಯನ್ನು ನಿಲ್ಲಿಸಿಕೊಂಡು ಕೂರಬೇಡಿರಿ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನನ್ನು ಓಡಿಸಲೇಬೇಡಿರಿ.

ಗದ್ದಲದ ಗೀಳು ಮತ್ತು ಕಾನೂನು

ಹೊಗೆಯ ಕೊಳವೆಯನ್ನು ಕಟ್ಟಿಸುವವರಲ್ಲಿ ಇನ್ನೊಂದು ಪಂಗಡವುಂಟು. ಇವರಿಗೆ ಬೇಕಾದದ್ದು ಮೌನವಲ್ಲ, ಗರ್ಜನೆ. ಕನ್ವರ್ಟರನ್ನೂ ಸೈಲೆನ್ಸರನ್ನೂ ಕಿತ್ತೊಗೆದು, ನಡುವೆ ಒಂದು ಬಳುಕುಗೊಳವೆಯನ್ನೂ ನೇರ ಕೊಳವೆಯನ್ನೂ ಸೇರಿಸಿ, ಮಲಗಿದ ಊರನ್ನು ಎಬ್ಬಿಸಿಕೊಂಡು ಹೋಗುವುದು ಇವರ ಶೌರ್ಯ. ಹೀಗೆ ಮಾಡುವುದು ಕಾನೂನಿಗೆ ವಿರುದ್ಧ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ೧೯೮೯ರ ಕೇಂದ್ರ ನಿಯಮಾವಳಿಯಂತೆ ಪ್ರತಿಯೊಂದು ಮೋಟಾರು ಗಾಡಿಗೂ, ಟ್ರಾಕ್ಟರಿಗೂ ಸಹ, ಸದ್ದನ್ನು ತಗ್ಗಿಸುವ ಸೈಲೆನ್ಸರಿರಬೇಕು. ಹೊಗೆಯ ಕೊಳವೆ ಇಂಧನದ ನಳಿಕೆಯಿಂದ ೩೫ ಮಿಲಿಮೀಟರಿನ ಒಳಗೆ ಬರಬಾರದು. ಸದ್ದಿನ ಹಾಗೂ ಹೊಗೆಯ ಮಿತಿಯನ್ನು ಮೀರಿದವರಿಗೆ ೨೦೧೯ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ ವಿಧಿಸಬಹುದು. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಹರಡಿ, ಪೊಲೀಸರು ರೋಡ್ ರೋಲರನ್ನು ಹಾಯಿಸಿದ ಚಿತ್ರಗಳನ್ನು ವಾಚಕರು ಪತ್ರಿಕೆಗಳಲ್ಲಿ ಕಂಡಿರಬಹುದು.

ಆದರೆ ಒಡೆದುದನ್ನು ಇದ್ದಂತೆಯೇ ಕಟ್ಟುವುದು ಬೇರೆ, ಇದ್ದುದನ್ನು ಕೆಡಿಸುವುದು ಬೇರೆ. ಹಳೆಯ ಅಳತೆ, ಹಳೆಯ ಹಾದಿ, ಹಳೆಯ ಮೌನ ಇವುಗಳನ್ನು ಉಳಿಸಿಕೊಂಡು ಬಳುಕುಗೊಳವೆಯನ್ನು ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಟಲ್ಲ. ಬೆಸುಗೆಯವನಿಗೂ ಗಿರಾಕಿಗೂ ಈ ಗೆರೆ ಸ್ಪಷ್ಟವಾಗಿರಬೇಕು.

ಗಿರಾಕಿಯ ಪಾಲು

ಬೆಸುಗೆಯ ಅಂಗಡಿಯವನನ್ನು ದೂರುವುದು ಸುಲಭ. ಆದರೆ ಅಗ್ಗದ ಕೆಲಸವನ್ನು ಬೇಡುವವರು ನಾವೇ ಅಲ್ಲವೆ? ಅರ್ಧ ಗಂಟೆಯಲ್ಲಿ ಆಗಬೇಕು, ಅರ್ಧ ಬೆಲೆಗೆ ಆಗಬೇಕು ಎಂದು ಅವಸರಿಸುವ ಗಿರಾಕಿಯ ಮುಂದೆ ಆತ ಕೊಳವೆಯ ನೇರವನ್ನು ಎಷ್ಟು ಹೊತ್ತು ನೋಡಿಯಾನು? ದೇವರ ಮೂರ್ತಿಯನ್ನು ಎರೆಯಲು ಕೊಟ್ಟವರು ಅಚ್ಚು ಒಣಗುವವರೆಗೆ ಕಾಯುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಆ ತಾಳ್ಮೆಯಲ್ಲಿ ಒಂದು ಪಾಲನ್ನಾದರೂ ತೋರಬೇಡವೆ?

ಇನ್ನು ಮುಂದೆ ಗಾಡಿಯನ್ನು ದುರಸ್ತಿಗೆ ಬಿಟ್ಟಾಗ ಮೂರೇ ಪ್ರಶ್ನೆಗಳನ್ನು ಕೇಳಿರಿ: ಬಳುಕುಗೊಳವೆ ನೇರವಾಗಿ ಕುಳಿತಿದೆಯೆ? ಸೈಲೆನ್ಸರಿನ ಭಾರವನ್ನು ಹೊರುವವರು ಯಾರು? ಎಂಜಿನಿನ ದಿಂಬುಗಳು ಗಟ್ಟಿಯಾಗಿವೆಯೆ? ಕೇಳುವ ಗಿರಾಕಿಯಿದ್ದರೆ ಒಳ್ಳೆಯ ಕೆಲಸಗಾರನಿಗೆ ಉತ್ಸಾಹ ಹುಟ್ಟುತ್ತದೆ. ಲೋಹದೊಡನೆ ಬಾಳಿದ ನಮ್ಮ ಊರುಗಳಲ್ಲಿ ಒಳ್ಳೆಯ ಕೆಲಸಗಾರರಿಗೆ ಕೊರತೆಯಿಲ್ಲ. ಒಳ್ಳೆಯ ಕೆಲಸಕ್ಕೆ ಸಲ್ಲಬೇಕಾದ ಬೆಲೆಯನ್ನೂ ಬಿಡುವನ್ನೂ ಕೊಡುವವರು ಬೇಕು.